ಯಾರ ಮಾರಿಯೋ ಖರೆ?

ಸಾವಳಗಿಯಂಥ ಊರುಗಳಲ್ಲಿ ಟಿವಿ ರಿಪೇರಿ ಅಂಗಡಿಗಳು ಮೊಬೈಲ್ ಅಂಗಡಿಗಳಾಗಿ ಎಷ್ಟೋ ವರ್ಷವಾಯಿತು. ಮುಂದೆ ಗಾಜಿನ ಕಪಾಟು, ಚಾರ್ಜರು, ಕವರು. ಹಿಂದಿನ ಕೋಣೆಯಲ್ಲಿ ದುರಸ್ತಿಗೆಂದು ಬಂದು ಮರಳಿ ಹೋಗದ, ಬೆನ್ನುಬ್ಬಿದ ಟಿವಿಗಳು. ಕೃಷ್ಣೆ ದಾಟಿ ಜಮಖಂಡಿಗೆ ಹೋಗಿಬರುವ ಈ ಸೀಮೆಯಲ್ಲಿ ಕಟ್ಟೆಯ ಮಾತು ಕಬ್ಬಿನ ಬಿಲ್ಲು, ದ್ರಾಕ್ಷಿಯ ರೇಟು, ಹೊಳೆಯ ನೀರು. ವಿಡಿಯೋ ಗೇಮಿನ ಮಾತನ್ನು ಯಾರೂ ತಾವಾಗಿ ತೆಗೆಯುವುದಿಲ್ಲ. ಆದರೆ ಮೂವತ್ತೈದು ದಾಟಿದವರ ಎದುರು 'ಕಾಂಟ್ರಾ' ಎಂದು ನೋಡಿ, ಕಬ್ಬಿನ ಬಿಲ್ಲು ಮರೆತು ಕೂಡುತ್ತಾರೆ.

ಇಂಥ ಅಂಗಡಿಗಳ ಸುತ್ತ ಹುಟ್ಟುವ ವಾದಗಳನ್ನು ಒಂದೇ ಸಂಜೆಗೆ, ಮೂವರ ಬಾಯಿಗೆ ಕೂಡಿಸಿ ಇಲ್ಲಿ ಇಟ್ಟಿದ್ದೇನೆ. ಒಬ್ಬ ಮಿಸ್ತ್ರಿ, ವಯಸ್ಸು ಐವತ್ತರ ಆಸುಪಾಸು, ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವ. ಒಬ್ಬ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ನಡುವೆ ಬಂದು ಸೇರುವವರು ಸಾವಳಗಿಯ ಒಬ್ಬ ಶಿಕ್ಷಕಿ.

ಹುಡುಗ: ಕಾಕಾ, ಆ ಮೂಲ್ಯಾಗಿನ ಇಪ್ಪತ್ತೊಂದು ಇಂಚಿನ ಟಿವಿ ಕೊಡ್ತೀರೇನ್ರಿ? ರೊಕ್ಕಾ ಕೊಡ್ತೀನಿ.

ಮಿಸ್ತ್ರಿ: ಅದನ್ನ ತಗೊಂಡು ಏನ್ ಮಾಡಾಂವ? ಮನ್ಯಾಗ ಗ್ವಾಡಿಗೆ ತೂಗಹಾಕಿದ ದೊಡ್ಡ ಟಿವಿ ಐತೆಲ್ಲ.

ಹುಡುಗ: ಅದರಾಗ ಬಾತುಕೋಳಿ ಬೀಳೂದಿಲ್ರಿ.

ಮಿಸ್ತ್ರಿ: 'ಡಕ್ ಹಂಟ್' ಏನು? ಆ ಪಿಸ್ತೂಲು ಎಲ್ಲಿ ಸಿಕ್ತು ನಿನಗ?

ಹುಡುಗ: ಸಾಂಗ್ಲಿ ಗುಜರ್ಯಾಗ. ಪಿಸ್ತೂಲು ಚಲೋ ಐತಿ, ಕ್ಯಾಸೆಟ್ಟೂ ಚಲೋ ಐತಿ, ಹೊಸಾ ಟಿವಿಗೆ ಹಚ್ಚಿದ್ರ ಚಿತ್ರಾನೂ ಬರತೈತಿ. ಎಷ್ಟ ಹೊಡದ್ರೂ ಒಂದು ಹಕ್ಕಿ ಬೀಳವಲ್ದು. ಆಮ್ಯಾಲೆ ಓದಿ ತಿಳಕೊಂಡೆ. ಕುದುರಿ ಎಳೆದ ಕೂಡ್ಲೆ ಪರದೆ ಒಂದು ಚಣ ಪೂರಾ ಕಪ್ಪ ಆಗತೈತಿ. ಅದರ ಬೆನ್ನಿಗೇ ಬಾತುಕೋಳಿ ಇದ್ದ ಜಾಗಾದಾಗ ಬಿಳೀ ಚೌಕ ಮೂಡತೈತಿ. ಪಿಸ್ತೂಲಿನ ಮೂತ್ಯಾಗ ಬೆಳಕ ಹಿಡಿಯೂ ಡಯೋಡ್ ಕುಂತಿರತೈತಿ. ಕಪ್ಪಿನ ಮ್ಯಾಲೆ ಬಿಳಿ ಕಂಡ್ರ ಗುರಿ ಬಿತ್ತು ಅಂತ ಅದರ ಲೆಕ್ಕ. ಹಳೇ ಟಿವ್ಯಾಗ ಚಿತ್ರ ಬಂದಂಗ ಮೂಡತಿತ್ತು. ಈಗಿನ ಟಿವಿ ಚಿತ್ರಾನ ಮೊದಲ ಒಳಗ ತಗೊಂಡು, ತಿದ್ದಿ ತೀಡಿ, ಆಮ್ಯಾಲೆ ತೋರಸತೈತಿ. ಪಿಸ್ತೂಲು ಕಣ್ಣು ಬಿಡೂ ಹೊತ್ತಿಗೆ ಚೌಕ ಇನ್ನೂ ಬಂದೇ ಇರೂದಿಲ್ಲ.

ಮಿಸ್ತ್ರಿ: ಅದು ನನಗ ಗೊತ್ತಿದ್ದಿಲ್ಲ. ಅವು ಎಷ್ಟು ಪಿಸ್ತೂಲು ಬಿಚ್ಚೀನೋ ನಾ. ನೀ ಹುಟ್ಟಿದ್ದು ಯಾವಾಗ?

ಹುಡುಗ: 2004.

ಮಿಸ್ತ್ರಿ: ಆ ಆಟ 1984ರದ್ದು. ನಮ್ಮ ಕಡೆ ಬರಾಕ ಇನ್ನೂ ಹತ್ತ ವರ್ಷ ಹಿಡೀತು ಅಂತ ತಿಳಿ. ನೀ ಅದನ್ನ ಆಡಿಲ್ಲ, ನೋಡಿಲ್ಲ. ನೆನಪು ಮಾಡಿಕೋಬೇಕಾದಾಂವ ನಾ. ನನಗ ಬ್ಯಾಡಾದ್ದು ನಿನಗ ಯಾಕ ಬೇಕು?

ಹುಡುಗ: ನನಗ ನೆನಪು ಬ್ಯಾಡ್ರಿ, ಆಟ ಬೇಕು. ಪಾರಿಜಾತದ ಬಯಲಾಟ ನೋಡಿ ಖುಷಿ ಪಡಾಕ ಅದನ್ನ ಆಡಿಸಿದ ಕುಲಗೋಡ ತಮ್ಮಣ್ಣನ ಕಾಲಕ್ಕ ಹುಟ್ಟಿರಬೇಕೇನು? ಚಲೋ ಇದ್ದದ್ದು ಯಾವ ಕಾಲಕ್ಕೂ ಚಲೋನ. 'ಸೂಪರ್ ಮಾರಿಯೋ' 1985ರಾಗ ಮಾಡ್ಯಾರ. ಇಡೀ ಆಟ, ಎಂಟು ಲೋಕ, ಹಾಡು, ಚಿತ್ರ ಎಲ್ಲಾ ಕೂಡಿ 40 ಕಿಲೋಬೈಟ್. ಅದು ಓಡೂ ಯಂತ್ರಕ್ಕ ಕೆಲಸದ ನೆನಪು ಬರೇ 2 ಕಿಲೋಬೈಟ್. ಅಷ್ಟು ಇಕ್ಕಟ್ಟಿನ್ಯಾಗ ಹೆಂಗ ಮಾಡಿದ್ರು ಅನ್ನೂದು ನೋಡಿದ್ರ ನಮ್ಮ ಪಾಠದಾಗ ಇಲ್ಲದ್ದು ತಿಳಿತೈತಿ.

ಮಿಸ್ತ್ರಿ: ಹೆಂಗ ಮಾಡಿದ್ರು?

ಹುಡುಗ: ಎಂಟು ಚುಕ್ಕಿ ಅಡ್ಡ, ಎಂಟು ಚುಕ್ಕಿ ಉದ್ದ, ಇಷ್ಟಿಷ್ಟ ಸಣ್ಣ ಚೌಕ. ಒಂದ್ ಚೌಕಕ್ಕ ಒಂದ್ ಸಲಕ್ಕ ನಾಲ್ಕ ಬಣ್ಣದ ಮ್ಯಾಲೆ ಇಲ್ಲ. ಅವನ್ನ ಜೋಡಿಸಿ ಜೋಡಿಸಿ ನೆಲ, ಇಟ್ಟಂಗಿ, ಕೊಳಾಯಿ. ಆಕಾಶದಾಗಿನ ಮೋಡ, ನೆಲದ ಮ್ಯಾಲಿನ ಹಸರ ಕಂಟಿ ಅದಾವಲ್ರಿ, ಎರಡೂ ಒಂದ ಚಿತ್ರ. ಬಣ್ಣ ಅಷ್ಟ ಬದಲಿ ಮಾಡ್ಯಾರ.

ಮಿಸ್ತ್ರಿ: ಥೂ, ಅಷ್ಟ ಆಡಿದ್ರೂ ನನಗ ಕಂಡಿದ್ದಿಲ್ಲ ನೋಡು.

ಇಲ್ಲಿ ಮಿಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಬನಹಟ್ಟಿ, ರಬಕವಿಯ ಓಣಿಗಳಲ್ಲಿ ಬೆಳೆದವರಿಗೆ ಚೌಕಳಿ ಹಾಳೆ ಅಂದರೆ ಸೀರೆಯ ಅಂಚು. ಜಕಾರ್ಡ್ ಮಗ್ಗಕ್ಕೆ ಹೂವಿನ ಚಿತ್ರವನ್ನು ಮೊದಲು ಚೌಕಳಿಯ ಮೇಲೆ ತುಂಬಬೇಕು, ಆಮೇಲೆ ಆ ಚೌಕಗಳ ಲೆಕ್ಕದಂತೆ ರಟ್ಟಿನ ಕಾರ್ಡಿಗೆ ತೂತು ಹೊಡೆಯಬೇಕು. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಗಣಕಯಂತ್ರದ ಚರಿತ್ರೆ ಬರೆಯುವವರು 1804ರ ಆ ಫ್ರೆಂಚ್ ಮಗ್ಗದಿಂದಲೇ ಶುರು ಮಾಡುತ್ತಾರೆ. ನಮ್ಮಲ್ಲಿ ಆ ಚರಿತ್ರೆ ಪುಸ್ತಕಕ್ಕೆ ಬರುವ ಮೊದಲೇ ಮನೆಯ ಪಡಸಾಲೆಯಲ್ಲಿ ಖಟಖಟ ಅನ್ನುತ್ತಿತ್ತು.

ಮಿಸ್ತ್ರಿ: ನಮ್ಮಪ್ಪ ಮಾಡತಿದ್ದದ್ದೂ ಅದ. ಹಾಳಿ ಮ್ಯಾಲೆ ಚೌಕ ತುಂಬಿ ಒಂದ ಹೂವು ಮಾಡಾಂವ. ಅದನ್ನ ಅಂಚಿನ ಉದ್ದಕ್ಕೂ ತಿರುಗಿ ತಿರುಗಿ ಹಾಕಾಂವ. ಎಳಿ ಬಣ್ಣ ಬದಲಿ ಮಾಡಿದ್ರ ಬ್ಯಾರೆ ಸೀರಿ. ನಿನ್ನ ಮಾರಿಯೋದವರು ಆ ಹಾಳಿ ಏನ್ ಮಾಡಿದ್ರು?

ಹುಡುಗ: ಇಟ್ಟಾರ್ರಿ. ಮಿಯಾಮೊಟೊ, ತೆಜುಕಾ ಅಂತ ಇಬ್ರು ಕ್ಯೋಟೋದಾಗ ಕುಂತು ಕೈಲೆ ಬರೆದ ಹಾಳಿ. 2015ರಾಗ ಆಟಕ್ಕ ಮೂವತ್ತ ವರ್ಷ ತುಂಬಿದಾಗ ಜಗತ್ತಿಗೆಲ್ಲಾ ತೋರಿಸಿದ್ರು.

ಮಿಸ್ತ್ರಿ: ನಮ್ಮಪ್ಪನ ಹಾಳಿ, ಕಾರ್ಡು ನಾವ ಒಲಿಗೆ ಹಾಕಿದ್ವಿ. ಪವರ್‌ಲೂಮ್ ಹಾಕಿದ ವರ್ಷ ಜಾಗಾ ಬೇಕಾತು, ಮಳಿಗಾಲ ಬ್ಯಾರೆ, ನೀರು ಕಾಸಾಕ ಚಲೋ ಆದ್ವು. ಅದಕ್ಕ ಹೇಳ್ತೀನಿ ತಮ್ಮಾ, ಹಳೇದರ ಮ್ಯಾಲೆ ಪ್ರೀತಿ ಅಂತ ನೀವು ಅಂತೀರೆಲ್ಲ, ಆ ಪ್ರೀತಿ ಯಾವ ಹಳೇದರ ಮ್ಯಾಲೆ ಬೀಳಬೇಕು ಅನ್ನೂದನ್ನ ಯಾರೋ ಬ್ಯಾರೇದವರು ನಿಮಗ ಹೇಳಿಕೊಟ್ಟಾರ. ಕ್ಯೋಟೋದ ಹಾಳಿ ಅಂದ್ರ ನಿನ್ನ ಕಣ್ಣು ತುಂಬತೈತಿ. ಬನಹಟ್ಟಿ ಹಾಳಿ ಎಲ್ಲಿ ಅಂತ ಕೇಳಾಕ ನೀ ಎಂದೂ ಬಂದಿಲ್ಲ.

ಹುಡುಗ: ಅದು ಖರೆ ಐತ್ರಿ. ಆದ್ರ ಆ ಹಾಳಿ ಬೆಲೆ ಏನು ಅನ್ನೂದು ನನಗ ತಿಳಿದದ್ದು ಈ ಆಟದಿಂದ. ಮಾರಿಯೋದ ಚೌಕ ಬಿಡಿಸಿ ನೋಡಲಾರದ ನಾ ಮಗ್ಗದ ಕಡೆ ತಿರುಗಿ ನೋಡತಿದ್ದಿಲ್ಲ. ಒಂದು ಕಲತ್ರ ಇನ್ನೊಂದಕ್ಕ ಕಣ್ಣು ಬರತೈತಿ. ನೋಡ್ರಿ ಇಲ್ಲಿ, ಮೊಬೈಲ್‌ನಾಗ ಹಾಕೀನಿ.

ಮಿಸ್ತ್ರಿ: ಇದಲ್ಲ.

ಹುಡುಗ: ಯಾಕ್ರಿ? ಇದ ಮಾರಿಯೋ, ಮೂಲ ಫೈಲು.

ಮಿಸ್ತ್ರಿ: ಇಂವ ಓಡಾಕತ್ತಾನ. ನಮ್ಮಾಂವ ಹಿಂಗ ಓಡತಿದ್ದಿಲ್ಲ. ಹಾಡೂ ಅವಸರದಾಗ ಐತಿ. ನಿನಗ ಯಾರೋ ಕೆಟ್ಟ ಮಾಲು ಕೊಟ್ಟಾರ.

ಹುಡುಗ: ಕಾಕಾ, ಇದು ನಿಮ್ಮ ಕಿವಿಗೆ ತಿಳೀತಲ್ಲ, ಅದು ದೊಡ್ಡ ಮಾತು. ನೀವು ಹೇಳೂದು ಖರೆ. ಜಪಾನ್, ಅಮೆರಿಕಾದ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿ ಮಾಡತಿತ್ತು. ಆಟದ ಎಲ್ಲಾ ಲೆಕ್ಕ ಆ ಅರವತ್ತರ ಮ್ಯಾಲೆ ಕುಂತಿತ್ತು, ಹಾಡೂ ಸೈತ. ನಮ್ಮ ದೇಶದ ಟಿವಿ 50ರದ್ದು. ಇಲ್ಲಿ ಮಾರಿದ ತೈವಾನ್, ಚೀನಾ ಕಡೇ ನಕಲು ಯಂತ್ರಗಳು ಬಹಳಷ್ಟು ಐವತ್ತಕ್ಕ ಹೊಂದಿಸಿದ್ವು. ಹಿಂಗಾಗಿ ನಿಮ್ಮ ಮಾರಿಯೋ ಆರು ಹೆಜ್ಜಿ ಇಡೂ ಹೊತ್ತಿನಾಗ ಐದು ಇಡತಿದ್ದ.

ಮಿಸ್ತ್ರಿ: ಹಂಗಾದ್ರ ಯಾವುದು ಖರೆ?

ಹುಡುಗ: ಮಾಡಿದವರ ಲೆಕ್ಕದಾಗ ಅರವತ್ತರದ್ದು.

ಮಿಸ್ತ್ರಿ: ಆಡಿದವರ ಲೆಕ್ಕದಾಗ? ಬನಹಟ್ಟಿ, ಜಮಖಂಡಿ, ಸಾವಳಗಿ, ಅಷ್ಟ ಯಾಕ, ಈ ದೇಶದ ಒಂದು ಪೀಳಿಗಿ ಹುಡುಗ್ರು ಕೈ ಪಳಗಿಸಿಕೊಂಡಿದ್ದು ನಿಧಾನದ ಮಾರಿಯೋ ಮ್ಯಾಲೆ. ಎಲ್ಲಿ ಹಾರಬೇಕು ಅನ್ನೂದು ಬೆರಳಿಗೆ ಗೊತ್ತಿತ್ತು. ನೀ ಮೂಲ ಫೈಲು ಅಂತ ತಂದು ತೋರಿಸೂದು ನಾವು ಯಾರೂ ಆಡದ ಆಟ.

ಆ ಕಾಲದ ಯಂತ್ರಗಳ ಬಗ್ಗೆ ಎರಡು ಮಾತು ಹೇಳಬೇಕು. ನಿಂಟೆಂಡೋ ಕಂಪನಿ ತನ್ನ 'ಫ್ಯಾಮಿಕಾಮ್' ಯಂತ್ರವನ್ನು 1983ರ ಜುಲೈಯಲ್ಲಿ ಜಪಾನಿನಲ್ಲಿ ಬಿಟ್ಟಿತು. ನಮ್ಮ ಹಳ್ಳಿಗಳಿಗೆ ಬಂದದ್ದು ಅದರ ನಕಲುಗಳು. ಪೇಟೆಯ ಅಂಗಡಿಗಳಲ್ಲಿ ಮೀಡಿಯಾ, ಲಿಟಲ್ ಮಾಸ್ಟರ್ ಎಂಬ ಹೆಸರುಗಳಿದ್ದವು. ಸಂತೆಯಲ್ಲಿ ಹೆಸರೇ ಇಲ್ಲದವೂ ಇದ್ದವು. ಎಲ್ಲರೂ ಕಾರ್ಟ್ರಿಜ್ಜಿಗೆ ಕ್ಯಾಸೆಟ್ ಎನ್ನುತ್ತಿದ್ದರು, ಕೈಯಲ್ಲಿ ಹಿಡಿಯುವ ಗುಂಡಿಪಟ್ಟಿಗೆ ರಿಮೋಟ್. ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಬರೆದಿರುತ್ತಿತ್ತು, ಒಳಗೆ ಹತ್ತಿಪ್ಪತ್ತು ಆಟಗಳೇ ಬೇರೆ ಬೇರೆ ಹಂತದಿಂದ ಶುರುವಾಗಿ ಪಟ್ಟಿ ತುಂಬುತ್ತಿದ್ದವು. ಯಾರೂ ಮೋಸ ಹೋದೆವು ಎಂದು ಅಳಲಿಲ್ಲ. ಆದರೆ ಆ ಆಟ ಬರೆದವರಿಗೆ ಇಲ್ಲಿಂದ ಬಿಡಿಗಾಸೂ ಹೋಗಲಿಲ್ಲ ಎಂಬುದು ಉಳಿದೇ ಉಳಿಯುತ್ತದೆ, ಅದನ್ನು ನೆನಪಿನ ಸಿಹಿಯಲ್ಲಿ ಮುಚ್ಚಿಡಬಾರದು.

ಹುಡುಗ: ಆಗ ಕ್ಯಾಸೆಟ್ ಊದಿ ಹಾಕತಿದ್ರಂತಲ್ರಿ?

ಮಿಸ್ತ್ರಿ: ಎಲ್ಲಾರೂ ಊದತಿದ್ರು. ಊದೂದ್ರಿಂದ ಏನೂ ಆಗತಿದ್ದಿಲ್ಲ. ತಗದು ತಿರುಗಿ ಹಾಕಿದಾಗ ಪಿನ್ನು ಸರಿಯಾಗಿ ಕೂಡತಿದ್ವು, ಅಷ್ಟ. ಊದಿದ ಹಸಿ ಗಾಳಿಗೆ ಪಿನ್ನಿನ ತಾಮ್ರಕ್ಕ ಕಿಲುಬು ಬರತಿತ್ತು. ರಬ್ಬರ್ ತಗೊಂಡು ಮೆಲ್ಲಕ ತಿಕ್ಕಬೇಕು. ಆ ಯಂತ್ರ ಸತ್ರ ನೂರಕ್ಕ ಎಂಬತ್ತು ಸಲ ಒಳಗ 7805 ಅನ್ನೂ ರೆಗ್ಯುಲೇಟರ್ ಸುಟ್ಟಿರತಿತ್ತು. ಅಡಾಪ್ಟರಿನ 9 ವೋಲ್ಟ್ ತಗೊಂಡು 5 ಮಾಡಿ ಕೊಡೂ ಕೆಲಸ ಅದರದು. ನಮ್ಮ ಊರಿನ ಕರೆಂಟಿನ ಏರಿಳಿತದಾಗ ಆ ಬಡಪಾಯಿ ಎಷ್ಟ ತಡಕೊಂಡೀತು? ಮೂರು ಕಾಲಿನ ಆ ಸಣ್ಣ ಸಾಮಾನು ಬದಲಿ ಮಾಡಿದ್ರ ಮಾರಿಯೋ ಎದ್ದ ಕುಂದ್ರಾಂವ. ನಾ ಈ ಧಂದೆ ಕಲತಿದ್ದ ಅದರ ಮ್ಯಾಲೆ.

ಹುಡುಗ: ನೋಡ್ರಿ ಮತ್ತ! ಬಿಚ್ಚಾಕ ಬರತಿತ್ತು, ಕಲಿಯಾಕ ಬರತಿತ್ತು. ಈಗಿನ ಯಂತ್ರ ಅಂಟು ಹಚ್ಚಿ ಮುಚ್ಚಿರತೈತಿ. ಆಟಾನೂ ಹಂಗ. ಹಳೇ ಆಟಕ್ಕ ಒಂದು ತುದಿ ಇತ್ತು. ರಾಜಕುಮಾರಿನ ಬಿಡಿಸಿದ್ರ ಮುಗೀತು, ಮನಿಗೆ ಹೋಗು. ಈಗಿನ ಆಟ ದಿನಾ ಬಂದು ಮಾರಿ ತೋರಸು, ಇಲ್ಲಂದ್ರ ನಿನ್ನ ಬಹುಮಾನ ಹೋಗತೈತಿ ಅಂತದ. ರೊಕ್ಕದ ರಮ್ಮಿ ಅಂತೂ ಎಷ್ಟು ಮನಿ ಮುಳುಗಿಸ್ತು ಅನ್ನೂದು ನಿಮಗ ಗೊತ್ತೈತಿ. ನಮ್ಮ ಸರ್ಕಾರ 2021ರಾಗ ನಿಷೇಧ ಮಾಡ್ತು, 2022ರ ಫೆಬ್ರುವರಿದಾಗ ಹೈಕೋರ್ಟ್ ಅದನ್ನ ತಗದ ಹಾಕ್ತು, ಕಡಿಗೆ 2025ರ ಆಗಸ್ಟ್‌ನಾಗ ಪಾರ್ಲಿಮೆಂಟಿನ್ಯಾಗ ಕಾಯ್ದೆ ಆಗಬೇಕಾತು.

ಮಿಸ್ತ್ರಿ: ಹಳೇದು ಸಭ್ಯ ಇತ್ತು ಅಂತೀಯೇನು? ಜಮಖಂಡ್ಯಾಗ ನಿಂತು ಆಡೂ ದೊಡ್ಡ ಪೆಟ್ಟಿಗಿ ಇದ್ವು. 'ಮುಸ್ತಫಾ' ಅಂತಿದ್ವಿ ಒಂದಕ್ಕ.

ಹುಡುಗ: ಕ್ಯಾಪ್ಕಾಮ್‌ನವರ 'ಕ್ಯಾಡಿಲ್ಯಾಕ್ಸ್ ಅಂಡ್ ಡೈನೋಸಾರ್ಸ್', 1993.

ಮಿಸ್ತ್ರಿ: ಇರಲಿ. ಒಂದು ರೂಪಾಯಿ ನಾಣ್ಯ ಹಾಕಿದ್ರ ಅರ್ಧ ತಾಸು ಆಡಬಹುದು ಅಂತ ಹೋಗತಿದ್ವಿ. ಮೂರನೇ ಮಿನಿಟಿಗೆ ಸಾಯಿಸತಿತ್ತು. ಪರದೆ ಮ್ಯಾಲೆ ಹತ್ತು, ಒಂಬತ್ತು, ಎಂಟು ಅಂತ ಎಣಿಸಾಕ ಹತ್ತತಿತ್ತು. ಅಷ್ಟರಾಗ ಇನ್ನೊಂದು ರೂಪಾಯಿ ಹಾಕು, ಇಲ್ಲಾ ಬಿಡು. ಆ ರೂಪಾಯಿ ಎಲ್ಲಿಂದ ಬರತಿತ್ತು ಗೊತ್ತೇನು? ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಿದ ಕೂಲಿ. ಸಾಲಿ ಬಿಟ್ಟು ಬಂದು ಅವ್ವನ ಜೋಡಿ ಕುಂತು ಸುತ್ತತಿದ್ವಿ. ನನ್ನ ಗೆಳೆಯ ಒಬ್ಬ ಮನ್ಯಾಗಿನ ನೂಲು ಮಾರಿ ಆಡಿದ. ಅವರಪ್ಪ ಅವನ್ನ ಕಂಬಕ್ಕ ಕಟ್ಟಿ ಹೊಡದಿದ್ದು ನಾ ಕಣ್ಣಾರೆ ನೋಡೀನಿ. ನೀ ತೋರಸೂ ಮಾರಿಯೋದಾಗ ಅದು ಎಲ್ಲೂ ಕಾಣೂದಿಲ್ಲ. ಅದಕ್ಕ ನನಗ ಈ ಹಳೇ ಆಟದ ಭಜನಿ ಕೇಳಿದ್ರ ಸಿಟ್ಟ ಬರತೈತಿ.

ಹುಡುಗನಿಗೆ ಇದಕ್ಕೆ ಉತ್ತರ ಇರಲಿಲ್ಲ, ಮತ್ತು ಇರಬೇಕಾಗಿಯೂ ಇರಲಿಲ್ಲ. ಪೆಟ್ಟಿಗೆ ಆಟಗಳು ಅಷ್ಟು ಕಠಿಣವಾಗಿದ್ದದ್ದು ಕಲೆಗಾಗಿ ಮಾತ್ರವಲ್ಲ, ಗಲ್ಲಾಪೆಟ್ಟಿಗೆಗಾಗಿಯೂ ಹೌದು. ಮನೆಯ ಯಂತ್ರಕ್ಕೆ ಬಂದ ಮೇಲೂ ಆ ಕಾಠಿಣ್ಯ ಉಳಿದುಕೊಂಡಿತು. ಅದನ್ನು ದಾಟಲು 'ಕಾಂಟ್ರಾ'ದಲ್ಲಿ ಮೂವತ್ತು ಜೀವ ಕೊಡುವ ಗುಪ್ತ ಸೂತ್ರವೊಂದಿತ್ತು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. 'ಕಾಂಟ್ರಾ' ಮಾಡಿದ ಕಂಪನಿಯ ಕಜುಹಿಸಾ ಹಶಿಮೊಟೊ ಎಂಬ ಕೆಲಸಗಾರ 1986ರ 'ಗ್ರೇಡಿಯಸ್' ಆಟವನ್ನು ಪರೀಕ್ಷಿಸುವಾಗ ತನ್ನಿಂದಲೇ ಮುಗಿಸಲಾಗದೆ ತನಗಾಗಿ ಇಟ್ಟುಕೊಂಡ ಉಪಾಯ ಅದು. ಇಂಟರ್ನೆಟ್ ಇಲ್ಲದ ಕಾಲದಲ್ಲಿ, ಇಂಗ್ಲಿಷ್ ಬಾರದ ಹುಡುಗರ ಬಾಯಿಂದ ಬಾಯಿಗೆ, ಒಂದಕ್ಷರ ತಪ್ಪದೆ ಅದು ಕೃಷ್ಣಾ ತೀರದವರೆಗೆ ಬಂತು. ನನ್ನ ಮಟ್ಟಿಗೆ ಇದು ಜಾನಪದವೇ, ಬೇರೆ ಹೆಸರು ಬೇಕಾಗಿಲ್ಲ.

ಅಷ್ಟರಲ್ಲಿ ದುರಸ್ತಿಗೆ ಕೊಟ್ಟ ಮೊಬೈಲ್ ಒಯ್ಯಲು ಶಿಕ್ಷಕಿ ಬಂದರು.

ಟೀಚರ್: ಕಾಂಟ್ರಾದ ಮಾತು ಹೊರಗ ಕೇಳಸಾಕತ್ತೈತಿ. ಏನು ನಡದೈತಿ?

ಮಿಸ್ತ್ರಿ: ಬರ್ರಿ ಅಕ್ಕಾರ. ಈ ಹುಡುಗ ಹಳೇ ವಿಡಿಯೋ ಗೇಮು ಉಳಸ್ತಾನಂತ.

ಟೀಚರ್: ಯಾರ ಸಲುವಾಗಿ ಉಳಸ್ತೀಯಪಾ?

ಹುಡುಗ: ಎಲ್ಲಾರ ಸಲುವಾಗ್ರಿ. ಅದು ಎಲ್ಲಾರ ಬಾಲ್ಯ ಅಲ್ರಿ?

ಟೀಚರ್: ಎಲ್ಲಾರದಲ್ಲ. ನಮ್ಮ ಮನ್ಯಾಗ ಇತ್ತು. ಅಣ್ಣಗ ಮಾವ ತಂದು ಕೊಟ್ಟಿದ್ದ. ಓಣಿ ಹುಡುಗ್ರೆಲ್ಲಾ ಪಡಸಾಲ್ಯಾಗ. ನಾನು, ನಮ್ಮ ಚಿಗವ್ವನ ಮಗಳು ಅಡಗಿಮನಿ ಹೊಸ್ತಿಲದಾಗ. ಬರಬ್ಯಾಡ್ರಿ ಅಂತ ಯಾರೂ ಅಂದಿದ್ದಿಲ್ಲ. ಆದ್ರ ರಿಮೋಟ್ ಎಂದೂ ನಮ್ಮ ಕಡೆ ಬರಲಿಲ್ಲ. ಆಟ ಬಾಡಿಗಿಗೆ ಆಡಸೂ ಅಂಗಡಿಗಳಿಗೆ ಹೋಗೂ ಮಾತಂತೂ ದೂರ ಉಳೀತು.

ಮಿಸ್ತ್ರಿ: ಹೌದು, ಹುಡುಗ್ಯಾರು ಬರತಿದ್ದಿಲ್ಲ. ನಾವು ಅದರ ಬಗ್ಗೆ ವಿಚಾರಾನ ಮಾಡಿದ್ದಿಲ್ಲ.

ಟೀಚರ್: ನನ್ನ ವಿಡಿಯೋ ಗೇಮ್ ಅಂದ್ರ ನೋಕಿಯಾ 1100. ಅಪ್ಪ ಹೊಲದಿಂದ ಬಂದು ಫೋನು ಇಟ್ಟು ಊಟಕ್ಕ ಕುಂತ್ರ ಅಷ್ಟ ಹೊತ್ತು ಹಾವಿನ ಆಟ. ಅದಕ್ಕ ಯಾರ ಪರವಾನಗಿ ಬೇಕಿದ್ದಿಲ್ಲ, ಯಾರ ಪಾಳೇನೂ ಇದ್ದಿದ್ದಿಲ್ಲ. ಬೆಳಕ ಆರಿದ್ರೂ ಕತ್ತಲ್ಯಾಗ ಬೆರಳ ನಡೀತಿತ್ತು. ನೀ ಕೂಡಿಸೂ ಸಾಮಾನಿನ್ಯಾಗ ಆ ಫೋನು ಐತೇನು?

ಹುಡುಗ: ಇಲ್ರಿ. ಅದನ್ನ ಕನ್ಸೋಲ್ ಅಂತ ನಾವು ತಿಳಕೊಂಡಿಲ್ಲ.

ಟೀಚರ್: ತಿಳಕೋ. ಹಾವಿನ ಆಟ ನೋಕಿಯಾ ಫೋನಿನ್ಯಾಗ ಮೊದಲ ಬಂದಿದ್ದು 1997ರಾಗ. 1100 ಬಂದಿದ್ದು 2003. ಇಪ್ಪತ್ತೈದು ಕೋಟಿ ಮಾರಿದ್ರು ಅದನ್ನ. ಈ ಸೀಮಿ ಹೆಣ್ಣಮಕ್ಕಳ ಕೈಗೆ ಮೊದಲ ಬಂದ ವಿಡಿಯೋ ಗೇಮು ಅದ. ನಿಮ್ಮ ನೆನಪಿನ ಪಟ್ಟಿ ಗಂಡಸರು ಮಾಡಿದ್ದು, ಅದಕ್ಕ ಅದರಾಗ ಪಿಸ್ತೂಲು ಐತಿ, ಹಾವು ಇಲ್ಲ.

ಹುಡುಗ: ಒಪ್ಪಿದೆ. ಆದ್ರ ಉಳಸಲಾರದ ಬಿಟ್ರ ಈ ಮಾತೂ ಉಳಿಯೂದಿಲ್ಲ. ಅಮೆರಿಕಾದಾಗ 2023ರಾಗ ಲೆಕ್ಕಾ ಹಾಕಿದ್ರು, 2010ಕ್ಕ ಮೊದಲ ಅಲ್ಲಿ ಬಿಡುಗಡೆ ಆದ ಆಟಗಳಾಗ ನೂರಕ್ಕ 87 ಇವತ್ತು ಕೊಂಡು ಆಡಾಕ ಸಿಗೂದಿಲ್ಲ ಅಂತ. ಅಲ್ಲೇ ಹಂಗ ಇದ್ರ ನಮ್ಮ ಗತಿ ಏನು?

ಮಿಸ್ತ್ರಿ: ಹೋಗೂದು ಹೋಗ್ಲಿ ಬಿಡೋ. ಹಂಪಿ ಮಂಟಪದಾಗ ಕಲ್ಲಿನ ನೆಲದ ಮ್ಯಾಲೆ ಹುಲಿ-ಕುರಿ ಮನಿ ಕೆತ್ಯಾರ, ನೋಡೀ ಇಲ್ಲ? ಅದಕ್ಕ ಕರೆಂಟ್ ಬ್ಯಾಡ, 7805 ಬ್ಯಾಡ. ನಾಕ ಹರಳು ಆರಿಸಿಕೊಂಡು ಕುಂತ್ರ ಇವತ್ತೂ ಆಡಬಹುದು. ಉಳಿಯೂದು ಅಂದ್ರ ಹಂಗ ಉಳೀಬೇಕು.

ಟೀಚರ್: ಅಷ್ಟು ಸಲೀಸಿಲ್ಲ. ನಾ ಮಕ್ಕಳನ್ನ ಹಂಪಿ ಪ್ರವಾಸಕ್ಕ ಕರಕೊಂಡ ಹೋಗಿದ್ದೆ. ಹುಲಿ-ಕುರಿ ಗುರತಾತು. ಅದರ ಬಾಜೂ ಇನ್ನೊಂದು ಮನಿ ಇತ್ತು, ಹೆಂಗ ಆಡೂದು ಅಂತ ನಮ್ಮಾಗ ಯಾರಿಗೂ ಗೊತ್ತಾಗಲಿಲ್ಲ. ಕಲ್ಲು ಉಳದೈತಿ, ಆಡೂ ರೀತಿ ಹೋಗೈತಿ. ಮೈಸೂರಿನ್ಯಾಗ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಅಂತ ಹಳೇ ಮಣಿ ಆಟಗಳ ಪ್ರದರ್ಶನ ಮಾಡ್ತಾರ. ಹಾಸು ಮಾಡಿ ಇಟ್ರ ಸಾಲೂದಿಲ್ಲ ಅಂತ ಅವರು ಆಡೂ ನಿಯಮಾನೂ ಕೂಡಿಸಿ ಬರೀತಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವ ಎಷ್ಟೋ ಆಟ ಕಟ್ಟಿದ್ರು, ಜಗನ್ಮೋಹನ ಅರಮನಿ ಗ್ವಾಡಿ ಮ್ಯಾಲೆ ಅವನ್ನ ಬರೆಸಿದ್ರು. ಗ್ವಾಡಿ ಮುಂದ ನಿಂತು ಇವತ್ತು ಆಡಾವರು ಎಷ್ಟ ಮಂದಿ ಅದಾರ?

ಹುಡುಗ: ಟೀಚರ್, ನೀವು ಹೇಳಿದ್ದು ಕೇಳಿ ಒಂದು ಹೊಳೀತು. ವಿಡಿಯೋ ಗೇಮಿನ್ಯಾಗ ಅದು ಉಲ್ಟಾ ಆಗೈತಿ. ನಿಯಮ ಎಲ್ಲಾ ಚಿಪ್ಪಿನ ಒಳಗ ಇರತೈತಿ, ಅದರ ಒಂದು ಪ್ರತಿ ಉಳದ್ರೂ ಒಂದಕ್ಷರ ಕೆಡೂದಿಲ್ಲ. ಹೋಗೂದು ಹಾಸು. ಉಬ್ಬಿದ ಟಿವಿ ಹೋಗತೈತಿ, ಐವತ್ತರ ಓಟ ಹೋಗತೈತಿ, ಪಿಸ್ತೂಲಿಗೆ ಕಣ್ಣು ಹೋಗತೈತಿ.

ಮಿಸ್ತ್ರಿ: ಟಿವಿ ಹೋಗೂದು ನಾ ದಿನಾ ನೋಡ್ತೀನಿ. ಗುಜರಿ ಮಂದಿ ಬಂದು ಕುತಿಗ್ಯಾಗಿನ ಸುರುಳಿ ತಾಮ್ರ ಅಷ್ಟ ಬಿಚ್ಚಿಕೊಂಡು ಗಾಜು ಒಡದು ಚೆಲ್ಲತಾರ. ಆ ಗಾಜಿನ್ಯಾಗ ಸೀಸ ಇರತೈತಿ. ಇದೂ ನಿಮ್ಮ ಸಿಹಿ ನೆನಪಿನ ಒಂದು ಭಾಗ ಅಂತ ಬರಕೋ. ನೀ ಒಂದು ಒಯ್ದ್ರ ಒಂದು ಗಟಾರಕ್ಕ ಬೀಳೂದು ತಪ್ಪಿತು, ಅಷ್ಟರ ಮಟ್ಟಿಗೆ ನನಗ ಸಮಾಧಾನ. ಆದ್ರ ಟಿವಿ ಒಳಗಿನ ಈ ಕೊಳವಿನೂ ಒಂದಿನ ಸಾಯತೈತಿ, ಹೊಸಾದು ಮಾಡಾವರಿಲ್ಲ. ನನ್ನಂಥಾವರು ಇರೂತನಕ ಅಷ್ಟ.

ಟೀಚರ್: ಚಿಪ್ಪಿನ್ಯಾಗ ನಿಯಮ ಎಲ್ಲಾ ಅದಾವು ಅಂದಿ. ಎಲ್ಲಾ ಇಲ್ಲ. ಒಂದು ಟಿವಿ ಮುಂದ ಹತ್ತು ಹುಡುಗ್ರು, ರಿಮೋಟ್ ಎರಡ. ಯಾರು ಯಾವಾಗ ಬಿಡಬೇಕು, ಕರೆಂಟ್ ಹೋಗಿ ಬಂದ್ರ ಪಾಳಿ ಯಾರದು, ಈ ನಿಯಮ ಕ್ಯೋಟೋದವರು ಬರದಿಲ್ಲ. ಪಡಸಾಲ್ಯಾಗ ಹುಟ್ಟಿದ್ವು. ನನಗ ಅವೆಲ್ಲಾ ಬಾಯಿಪಾಠ. ಯಾಕಂದ್ರ ಗಡಿಯಾರ ನೋಡಿ ಹೇಳೂ ಕೆಲಸ ನಂದಿತ್ತು. ಆಡಾವರು ಜಗಳಾಡತಿದ್ರು, ತೀರ್ಪು ಹೊಸ್ತಿಲದಿಂದ ಬರತಿತ್ತು.

ಹುಡುಗ: ಹೇಳ್ರಿ, ಬರಕೋತೀನಿ.

ಟೀಚರ್: ಕರೆಂಟ್ ಹೋದ್ರ ಯಾರ ಕೈಯಾಗ ರಿಮೋಟ್ ಇತ್ತೋ ಅವರ ತಿರುಗಿ ಶುರು ಮಾಡಬೇಕು. ಮನಿ ಯಜಮಾನ್ರ ಮಗಗ ಹೆಚ್ಚಿನ ಪಾಳಿ ಇಲ್ಲ. ಕಾಂಟ್ರಾದಾಗ ಮೂರನೇ ಹಂತ, ಜಲಪಾತ ಏರೂದು. ಒಬ್ಬ ಲಗೂ ಲಗೂ ಏರಿದ್ರ ಪರದೆ ಮ್ಯಾಲಕ್ಕ ಸರಿತೈತಿ, ಕೆಳಗ ಉಳದಾಂವ ಸಾಯ್ತಾನ. ಅದಕ್ಕ ಅಲ್ಲಿ ಜೋಡೀನ ಬಿಟ್ಟು ಏರಬಾರದು. ಏರಿದ್ರ ರಿಮೋಟ್ ಕೆಳಗ ಇಡಬೇಕು.

ಮಿಸ್ತ್ರಿ: ಇದು ನಮ್ಮಲ್ಲೂ ಇತ್ತು. ಜಲಪಾತದಾಗ ಕಾಯಲಾರದಾಂವ ಗೆಳೆಯ ಅಲ್ಲ ಅಂತಿದ್ವಿ.

ಟೀಚರ್: ಇನ್ನ ತನ್ನ ಜೀವ ಎಲ್ಲಾ ಮುಗಿದ್ರ ಜೋಡಿಯವನ ಜೀವ ಒಂದು ಎರವಲು ತಗೋಬಹುದು. ಸಣ್ಣ ಹುಡುಗ್ರು ಕೇಳಲಾರದನ ತಗೋಬಹುದಿತ್ತು.

ಮಿಸ್ತ್ರಿ: ಅದೆಂಗ? ಕೇಳಲಾರದ ತಗೊಂಡ್ರ ಅದು ಕಳವು. ಬನಹಟ್ಟ್ಯಾಗ ಬಾಯಿಬಿಟ್ಟು ಕೇಳಬೇಕು, ಅಂವ ಹ್ಞೂಂ ಅನ್ನಬೇಕು. ಹಂಗ ತಗೊಂಡಾವನ್ನ ವಾರಗಟ್ಟಲೆ ಕೂಡಿಸಿಕೊಳ್ಳತಿದ್ದಿಲ್ಲ.

ಟೀಚರ್: ಸಣ್ಣವರು ಕೇಳಿದ್ರ ದೊಡ್ಡವರು ಹ್ಞೂಂ ಅಂತಾರೇನ್ರಿ? ನಿಮ್ಮ ಕಾಯ್ದೆ ದೊಡ್ಡವರು ಮಾಡಿದ್ದು.

ಮಿಸ್ತ್ರಿ: ನಿಮ್ಮದು ಹೊಸ್ತಿಲದಾಗ ಕುಂತಾವರು ಮಾಡಿದ್ದು. ಜೀವ ಹೋಗೂದು ನಮ್ಮದಿತ್ತು, ನಿಮ್ಮದೇನು?

ಟೀಚರ್: ಅದಕ್ಕ ನಮ್ಮ ತೀರ್ಪು ಸರಿ ಇತ್ತು.

ಹುಡುಗ: ಎರಡೂ ಬರಕೊಂಡೀನ್ರಿ. ಸಾವಳಗಿ ಕಾಯ್ದೆ ಒಂದು, ಬನಹಟ್ಟಿ ಕಾಯ್ದೆ ಒಂದು.

ಟೀಚರ್: ಎರಡಕ್ಕ ನಿಂದರಬ್ಯಾಡ. ಮುಧೋಳದಾಗ ಕೇಳು, ಬೀಳಗ್ಯಾಗ ಕೇಳು. ಹೆಣ್ಣಮಕ್ಕಳನ್ನೂ ಕೇಳು, ಆಡಿದ್ರೇನು ಅಂತ ಕೇಳಬ್ಯಾಡ, ಏನ್ ನೋಡಿದ್ರಿ ಅಂತ ಕೇಳು.

ಮಿಸ್ತ್ರಿ: ಕೇಳಾಕ ಹೋಗೂ ಮೊದಲ ಈ ಟಿವಿಗೆ ರೊಕ್ಕಾ ಎಣಿಸು. ಮತ್ತ ಆ ಮೊಬೈಲ್‌ನಾಗಿನ ಮಾರಿಯೋನ ಐವತ್ತಕ್ಕ ಇಳಿಸಾಕ ಬರತೈತೇನು?

ಹುಡುಗ: ಬರತೈತ್ರಿ. ಆದ್ರ ನಾ ಅರವತ್ತರಾಗ ಆಡಾವ.

ಮಿಸ್ತ್ರಿ: ನನಗ ಐವತ್ತರದ್ದು ಹಾಕಿ ಕೊಡು. ಆಮ್ಯಾಲೆ ಬೆಲೆ ಮಾತಾಡೂಣು.